ಹೊಳೆದಂಡೆಯ ಬುತ್ತಿಗೆ ಸೈಕಲ್ ಸವಾರಿ

ಸಂಕ್ರಾಂತಿಯಂದು ಉತ್ತರ ಕರ್ನಾಟಕದ ಮಂದಿ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗುತ್ತಾರೆ. ಮಿಂದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಗುರೆಳ್ಳು ಚಟ್ನಿಯ ಗಂಟು ಬಿಚ್ಚಿ, ಪಕ್ಕದ ಗುಂಪಿನವರನ್ನೂ ಕರೆದು ಉಣ್ಣುತ್ತಾರೆ. ಬೆಳಗಾವಿಯ ಸೈಕಲ್ ಬಳಗಗಳು ಚಳಿಗಾಲದ ಸವಾರಿಗೆ ಬೇರೆ ಊಟ ಹುಡುಕಬೇಕಿಲ್ಲ. ಶಿವಬಸವ ನಗರದಿಂದ ಹೊರಟು ಖಾನಾಪುರದ ಮಲಪ್ರಭೆಯ ದಂಡೆಯಲ್ಲಿ ಬುತ್ತಿ ಬಿಚ್ಚುವ ಸವಾರಿ ಪ್ರತಿ ಜನವರಿಯಲ್ಲೂ ನಡೆಯಲಿ, ಅದಕ್ಕೆ ಮಕ್ಕಳೂ ಹಿರಿಯರೂ ಬರುವಂತಾಗಲಿ.

ದಾರಿ ಸುಮಾರು 30 ಕಿ.ಮೀ. ನಾಗನೂರು ರುದ್ರಾಕ್ಷಿ ಮಠದ ಬಡಾವಣೆ ಬಿಟ್ಟರೆ ಚನ್ನಮ್ಮ ವೃತ್ತ. ಅಲ್ಲಿಂದ, 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನದ ಹೆಸರು ಹೊತ್ತ ಕಾಂಗ್ರೆಸ್ ರಸ್ತೆ. ಆಮೇಲೆ ಪೀರನವಾಡಿ, ಮಚ್ಛೆ, ದೇಸೂರು. ತಾಸಿಗೆ 15 ಕಿ.ಮೀ. ತುಳಿದರೂ ಎರಡು ತಾಸಿನಲ್ಲಿ ಖಾನಾಪುರ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಖಾನಾಪುರ ಅದಕ್ಕಿಂತ ನೂರು ಮೀಟರಿನಷ್ಟು ತಗ್ಗಿನಲ್ಲಿದೆ. ಹೋಗುವಾಗ ಇಳಿಜಾರು ಹೆಚ್ಚು, ಹೊಟ್ಟೆ ತುಂಬ ಉಂಡು ಮರಳುವಾಗ ಏರು.

ಹೊಸಬರು ಸೋಲುವುದು ಆ ಏರಿನಲ್ಲೇ. ಮುಂದಿನವರು ಊರು ಮುಟ್ಟಿದಾಗ ಹಿಂದಿನವರು ಇನ್ನೂ ಮಚ್ಛೆಯ ಆಚೆಗೇ ಇದ್ದರೆ ಮುಂದಿನ ರವಿವಾರ ಅವರು ಬರುವುದಿಲ್ಲ.

ವೇಗಕ್ಕೆ ಅದರದೇ ಕಣವಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸೈಕ್ಲಿಂಗ್ ಪಟುಗಳು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಅವರಿಗೆ ಪೈಪೋಟಿಯೇ ಉಸಿರು. ಬುತ್ತಿಯ ಸವಾರಿಗೆ ಬೇಕಾದದ್ದು ಬೇರೆ. 1903ರಲ್ಲಿ ಟೂರ್ ಡಿ ಫ್ರಾನ್ಸ್ ಆರಂಭಿಸಿದ ಆನ್ರಿ ದೆಗ್ರಾಂಜ್ ಮರುವರ್ಷವೇ ಫ್ರಾನ್ಸಿನಲ್ಲಿ ಆಡಾಕ್ಸ್ ಸವಾರಿಗಳಿಗೆ ನಾಂದಿ ಹಾಡಿದರು. ಅಲ್ಲಿ ಗುಂಪಿನ ನಾಯಕ ವೇಗ ಗೊತ್ತುಮಾಡುತ್ತಾನೆ, ಅವನನ್ನು ಯಾರೂ ದಾಟುವಂತಿಲ್ಲ, ಎಲ್ಲರೂ ಕೂಡಿಯೇ ಗುರಿ ಮುಟ್ಟಬೇಕು. ಜಗತ್ತಿನ ಅತಿ ಕಠಿಣ ಪಂದ್ಯಗಳಲ್ಲಿ ಒಂದನ್ನು ಕಟ್ಟಿದವರೇ ಕೂಡಿ ಸಾಗುವ ಈ ಪದ್ಧತಿಯನ್ನೂ ಬೆಳೆಸಿದರು. ಬೆಳಗಾವಿಯ ಬಳಗಗಳು ಸಂಕ್ರಾಂತಿಯ ಒಂದು ದಿನಕ್ಕಾದರೂ ಈ ನಿಯಮ ಹಿಡಿಯಬೇಕು. ಎಲ್ಲರಿಗಿಂತ ನಿಧಾನವಾಗಿ ತುಳಿಯುವವರ ವೇಗವೇ ಗುಂಪಿನ ವೇಗವಾಗಲಿ. ಬುತ್ತಿ, ಪಂಪು, ಪಂಕ್ಚರ್ ಸಾಮಾನು ಹೊತ್ತ ಟೆಂಪೊ ಹಿಂದೆ ಬರಲಿ. ದಣಿದವರು ಸೈಕಲ್ ಸಮೇತ ಅದನ್ನು ಹತ್ತಲಿ.

ಹೊಳೆಯ ಬಗ್ಗೆಯೂ ಕಾಳಜಿ ಬೇಕು. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಖಾನಾಪುರದ ದಂಡೆಯಲ್ಲಿ ಎಸೆದ ಪ್ಲಾಸ್ಟಿಕ್ ತಟ್ಟೆ ಕೆಳಗಿನ ಊರುಗಳ ನೀರಿಗೆ ಹೋಗುತ್ತದೆ. ಎಲೆಯ ಪತ್ರಾವಳಿಯಲ್ಲೇ ಉಣ್ಣಬೇಕು, ಉಳಿದ ಕಸ ಅದೇ ಟೆಂಪೊದಲ್ಲಿ ಮರಳಬೇಕು.

ಬಳಗಗಳು ಎಷ್ಟೇ ಶಿಸ್ತಿನಿಂದ ಸಾಗಿದರೂ ರಸ್ತೆ ಅವರ ಕೈಯಲ್ಲಿಲ್ಲ. ಗೋವಾ ಕಡೆಯ ಲಾರಿಗಳು ಇದೇ ಹೆದ್ದಾರಿಯಲ್ಲಿ ಸಾಗುತ್ತವೆ, ಮಚ್ಛೆಯ ಕೈಗಾರಿಕಾ ಪ್ರದೇಶದ ವಾಹನಗಳು ಅಲ್ಲೇ ತಿರುಗುತ್ತವೆ. ಅಂಚಿನಲ್ಲಿ ಉಸುಕು, ಗಾಜಿನ ಚೂರು ಬಿದ್ದಿದ್ದರೆ ಸೈಕಲ್ಲಿನವರು ನಡುರಸ್ತೆಗೆ ಸರಿಯಲೇಬೇಕಾಗುತ್ತದೆ. ಶಾಲೆಗೆ ಹೋಗುವ ಹುಡುಗಿಗೂ ಪಾಳಿ ಮುಗಿಸಿ ಬರುವ ಕಾರ್ಮಿಕನಿಗೂ ದಿನವೂ ಇದೇ ಅಪಾಯ. ಹೆದ್ದಾರಿ ನೋಡಿಕೊಳ್ಳುವವರು ಅಂಚನ್ನು ನಿಯಮಿತವಾಗಿ ಗುಡಿಸಲಿ, ಬಿಳಿ ಪಟ್ಟಿ ಎಳೆದು ಸೈಕಲ್‌ಗೆ ಜಾಗ ಗುರುತಿಸಲಿ. ಸಂಕ್ರಾಂತಿಯ ಮುಂಜಾನೆ ಮಚ್ಛೆಯ ತಿರುವಿನಲ್ಲಿ ಸಂಚಾರ ಪೊಲೀಸರು ನಿಲ್ಲಲಿ.