ಗಾಳಿಗೆ ತಕ್ಕ ಎಣ್ಣೆ

ವಾಚಕ ಮಹಾಶಯರೊಬ್ಬರು ಹೀಗೆ ಕೇಳಿರುವರು: “ನಮ್ಮದು ಟರ್ಬೋ ಜೋಡಿಸಿದ ಒಂದು ಲೀಟರಿನ ಸಣ್ಣ ಕಾರು. ಅದರ ಬೂಸ್ಟನ್ನು ಏರಿಸಿದರೆ ಘಟ್ಟ ಹತ್ತಲು ಅನುಕೂಲವೆಂದು ಪರಿಚಿತರು ಹೇಳುತ್ತಾರೆ. ಇದರಿಂದ ಕೇಡುಂಟೇ?” ಪ್ರಶ್ನೆಯು ಅನೇಕ ಗೃಹಸ್ಥರಿಗೆ ಸಂಬಂಧಿಸಿದುದರಿಂದ ಇಲ್ಲಿಯೇ ಉತ್ತರವನ್ನು ಬರೆಯುತ್ತೇವೆ.

ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆಯೊಡನೆ ಬಹಳಷ್ಟು ಶಕ್ತಿಯು ವ್ಯರ್ಥವಾಗಿ ಹೋಗುವುದು. ಆ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬವರು 1905ರಲ್ಲಿ ಪೇಟೆಂಟು ಮಾಡಿಸಿದರು. ಸಣ್ಣ ಕಾರುಗಳಲ್ಲಿ ಈ ಚಕ್ರಗಳು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತಬಲ್ಲವು. ಹೊರಗಿನ ವಾಯುಭಾರಕ್ಕಿಂತ ಅಧಿಕವಾಗಿ ದೊರೆತ ಒತ್ತಡವೇ ಬೂಸ್ಟು. ಅದು ಅರ್ಧ ಬಾರ್ ಇದ್ದು, ಒತ್ತಿದ ಗಾಳಿಯನ್ನು ಚೆನ್ನಾಗಿ ತಣಿಸಿ ಕೊಟ್ಟರೆ, ಒಂದು ಲೀಟರಿನ ಎಂಜಿನು ಸುಮಾರಾಗಿ ಒಂದೂವರೆ ಲೀಟರಿನದರಷ್ಟು ಗಾಳಿಯನ್ನು ಸೇವಿಸುವುದು.

ಆದರೆ ಗಾಳಿಯೊಂದೇ ಸಾಲದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಸರಿಯಾದ ಪ್ರಮಾಣ. ಗಾಳಿ ಒಂದೂವರೆಪಟ್ಟಾದರೆ ಪೆಟ್ರೋಲೂ ಅಷ್ಟೇ ಆಗಬೇಕು. ಪೂರ್ತಿ ಬಲದಿಂದ ದುಡಿಯುವಾಗ, ಒಳಗಿನ ಕಾವನ್ನು ತಗ್ಗಿಸಲು, ಇನ್ನೂ ಸ್ವಲ್ಪ ಹೆಚ್ಚಾಗಿಯೇ ಕೊಡುವುದುಂಟು. ಒಲೆಯಲ್ಲಿ ಸೌದೆ ಕಡಿಮೆಯಾದರೆ ಉರಿ ತಗ್ಗುವುದು. ಭಾರ ಹೊತ್ತ ಎಂಜಿನಿನಲ್ಲಿ ಹಾಗಲ್ಲ. ಪೆಟ್ರೋಲು ಕೊಂಚ ಕೊರತೆಯಾದರೆ ಕಾವು ಏರಿ, ಮಿಶ್ರಣವು ಅಕಾಲದಲ್ಲಿ ತಾನಾಗಿ ಸಿಡಿದು ಕುಟ್ಟುವ ಸದ್ದು ಕೇಳಿಸುವುದು. ಇದು ಮುಂದುವರಿದರೆ ಪಿಸ್ಟನ್ನೇ ಕರಗೀತು.

ಇನ್ನೊಂದು ಸೂಕ್ಷ್ಮವುಂಟು. ಗಾಳಿಯ ಕೊಳವೆಯಲ್ಲಿಯೇ ಪೆಟ್ರೋಲನ್ನು ಚಿಮ್ಮಿಸುವ ಎಂಜಿನುಗಳಲ್ಲಿ, ಬೂಸ್ಟು ಆ ಚಿಮ್ಮುವಿಕೆಗೆ ಎದುರಾಗಿ ಒತ್ತುವುದು. ಪೆಟ್ರೋಲಿನ ಒತ್ತಡ 3 ಬಾರ್, ಬೂಸ್ಟು 1 ಬಾರ್ ಎನ್ನೋಣ. ಉಳಿಯುವುದು 2 ಬಾರ್ ಮಾತ್ರ. ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಪೆಟ್ರೋಲಿನ ಹರಿವು ನೂರಕ್ಕೆ 18ರಷ್ಟು ಕುಗ್ಗುವುದು! ಆದಕಾರಣ ಇಂಥ ಹಲವು ಎಂಜಿನುಗಳಲ್ಲಿ, ಬೂಸ್ಟು ಏರಿದಷ್ಟೇ ಪೆಟ್ರೋಲಿನ ಒತ್ತಡವನ್ನೂ ಏರಿಸುವ ನಿಯಾಮಕವೊಂದಿದ್ದು, ಸಣ್ಣ ರಬ್ಬರು ನಳಿಕೆಯೊಂದು ಅದಕ್ಕೆ ಬೂಸ್ಟಿನ ಸುದ್ದಿಯನ್ನು ಮುಟ್ಟಿಸುವುದು. ಆ ನಳಿಕೆ ಬಿರಿದರೂ ಅನರ್ಥವಾದೀತು. ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಹೊಸ ಎಂಜಿನುಗಳಲ್ಲಿ ಒತ್ತಡವು ನೂರು ಬಾರಿಗೂ ಮೇಲ್ಪಟ್ಟಿರುವುದರಿಂದ ಈ ತೊಡಕಿಲ್ಲ. ಆದರೂ ಅವುಗಳ ಪಂಪಿಗೂ ಇಂಜೆಕ್ಟರಿಗೂ ಒಂದು ಮಿತಿಯುಂಟು.

ಬೂಸ್ಟನ್ನು ಏರಿಸಿಕೊಡುವೆನೆನ್ನುವವರನ್ನು ಹೀಗೆ ಕೇಳಿರಿ: “ಹೆಚ್ಚಿನ ಗಾಳಿಗೆ ತಕ್ಕ ಪೆಟ್ರೋಲನ್ನು ಈ ಪಂಪು ಕೊಡಬಲ್ಲುದೇ? ಅಳೆದು ನೋಡಿರುವಿರಾ?” ತೃಪ್ತಿಕರವಾದ ಉತ್ತರ ಬಾರದಿದ್ದರೆ ಕಾರನ್ನು ಮುಟ್ಟಗೊಡಬೇಡಿರಿ. ತಯಾರಕರು ಸೂಚಿಸಿದ ಪೆಟ್ರೋಲನ್ನೇ ಹಾಕಿಸಿರಿ. ಏರಿನಲ್ಲಿ ಕುಟ್ಟುವ ಸದ್ದು ಕೇಳಿದರೆ ಕೂಡಲೇ ಕಾಲನ್ನು ಸಡಿಲಿಸಿ, ಕೆಳಗಿನ ಗೇರಿಗೆ ಬಂದು, ಬಳಿಕ ತಪ್ಪದೆ ಪರೀಕ್ಷೆ ಮಾಡಿಸಿರಿ.

ಆದಾಯವನ್ನು ನೋಡಿ ವೆಚ್ಚ ಮಾಡುವ ಗೃಹಸ್ಥರಿಗೆ ಈ ಲೆಕ್ಕವು ಹೊಸದೇನೂ ಅಲ್ಲ.