ಸೊನ್ನೆಯ ಬಿಲ್ಲು, ಓಡುವ ಮೀಟರು

ವಿದ್ಯುಚ್ಛಕ್ತಿಯ ಸಂಪರ್ಕವುಳ್ಳ ಪ್ರತಿಯೊಂದು ಮನೆಯ ಜಗಲಿಯ ಗೋಡೆಯ ಮೇಲೆ ಒಂದು ಸಣ್ಣ ಪೆಟ್ಟಿಗೆ ಇರುವುದಷ್ಟೆ. ಅದರ ಮುಖದಲ್ಲಿ ಒಂದು ಕೆಂಪು ಚುಕ್ಕಿ ಮಿನುಗುತ್ತಿರುತ್ತದೆ. ಮನೆಯೊಳಗೆ ಬಳಕೆ ಹೆಚ್ಚಿದಂತೆಲ್ಲ ಈ ಮಿನುಗು ಶೀಘ್ರವಾಗುತ್ತದೆ, ಕಡಮೆಯಾದಂತೆಲ್ಲ ಮಂದವಾಗುತ್ತದೆ. ಒಂದು ಯೂನಿಟ್ ಖರ್ಚಾಗುವುದರೊಳಗೆ ಚುಕ್ಕಿ ಎಷ್ಟು ಸಾರಿ ಮಿನುಗುತ್ತದೆಂಬ ಸಂಖ್ಯೆಯೂ ಅಲ್ಲಿಯೇ ಅಚ್ಚಾಗಿರುತ್ತದೆ. ಅನೇಕ ಮೀಟರುಗಳಲ್ಲಿ ಅದು 3200. ನಮ್ಮ ವಾಚಕರಲ್ಲಿ ಎಷ್ಟು ಮಂದಿ ಇದನ್ನು ನಿಂತು ನೋಡಿದ್ದಾರೆ? ಹಿಂದೆ ಬಿಲ್ಲು ಬಂದ ದಿನವಾದರೂ ಮನೆಯ ಹಿರಿಯರು ಈ ಪೆಟ್ಟಿಗೆಯತ್ತ ಒಮ್ಮೆ ಕಣ್ಣು ಹಾಯಿಸಿ, ಕೋಣೆಯಲ್ಲಿ ಯಾರೂ ಇಲ್ಲದೆ ತಿರುಗುತ್ತಿದ್ದ ಫ್ಯಾನನ್ನು ನಿಲ್ಲಿಸುತ್ತಿದ್ದರು. 2023ರಲ್ಲಿ ಕರ್ನಾಟಕ ಸರ್ಕಾರವು ಗೃಹಜ್ಯೋತಿ ಯೋಜನೆಯನ್ನು ಜಾರಿಗೆ ತಂದು, ತಿಂಗಳಿಗೆ 200 ಯೂನಿಟ್‌ಗಳ ಮಿತಿಯೊಳಗೆ ಬಳಸುವ ಮನೆಗಳಿಗೆ ವಿದ್ಯುತ್ತನ್ನು ಉಚಿತವಾಗಿ ಒದಗಿಸತೊಡಗಿದ ಮೇಲೆ ಬಹು ಮನೆಗಳಿಗೆ ಸೊನ್ನೆಯ ಬಿಲ್ಲು ಬರುತ್ತಿದೆ. ಮೀಟರಿನ ಕಡೆಗೆ ನೋಡುವ ವಾಡಿಕೆಯೂ ಅದರೊಂದಿಗೆ ಸೊನ್ನೆಯಾಗುತ್ತ ಬಂದಿದೆಯೆಂದು ನಮಗೆ ತೋರುತ್ತದೆ.

ಈ ಯೋಜನೆ ಕೂಡದೆಂದು ನಾವು ಹೇಳುತ್ತಿಲ್ಲ. ಒಂದೇ ಬಲ್ಬಿನ ಕೆಳಗೆ ಅಡಿಗೆಯನ್ನೂ ಮಕ್ಕಳ ಪಾಠವನ್ನೂ ಸಾಗಿಸಿದ ಸಂಸಾರಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಅಂಥವರ ಮನೆಗೆ ಇನ್ನೊಂದು ದೀಪ, ಒಂದು ಫ್ಯಾನು ಬಂದರೆ ಅದು ನಾಡಿಗೆ ಲಾಭವೇ. ನಮ್ಮ ಆಕ್ಷೇಪಣೆ ಬೇರೆ. ಬೆಲೆ ಸೊನ್ನೆಯಾದ ಮಾತ್ರಕ್ಕೆ ವೆಚ್ಚ ಸೊನ್ನೆಯಾಗುವುದಿಲ್ಲ. ಮನೆಯವರು ಕೊಡದ ಹಣವನ್ನು ಸರ್ಕಾರದ ಬೊಕ್ಕಸ ಕೊಡುತ್ತದೆ. ಯಾರೂ ಹಣವಾಗಿ ಎಣಿಸದಿರುವ ಇನ್ನೊಂದು ಭಾಗವನ್ನು ನದಿ, ಕಾಡು, ಗಾಳಿಗಳು ಕೊಡುತ್ತವೆ.

ಆ ಎರಡನೆಯ ಲೆಕ್ಕವನ್ನು ಸ್ವಲ್ಪ ನೋಡೋಣ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ 1902ರಲ್ಲಿ ವಿದ್ಯುತ್ತನ್ನು ಪಡೆದು ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದುದು, 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿದುದು ವಾಚಕರಿಗೆ ತಿಳಿದ ಸಂಗತಿ. ಅಂದಿನಿಂದಲೂ ನೀರು ನಮ್ಮ ನಾಡಿನ ದೀಪದ ಎಣ್ಣೆಯಾಗಿದೆ. ಶರಾವತಿಯ ದೊಡ್ಡ ವಿದ್ಯುದಾಗಾರದಲ್ಲಿ ನೀರು ನಾನೂರು ಮೀಟರಿಗೂ ಮಿಕ್ಕ ಎತ್ತರದಿಂದ ಕೊಳವೆಗಳಲ್ಲಿ ಇಳಿದು ಚಕ್ರಗಳನ್ನು ತಿರುಗಿಸುತ್ತದೆ. ತರಗತಿಯಲ್ಲಿ ಕಲಿತ ಸೂತ್ರವನ್ನು ಇಲ್ಲಿ ಹಾಕಿ ನೋಡಿ: ಸಾವಿರ ಲೀಟರು ನೀರು, ಅಂದರೆ ಸಾವಿರ ಕಿಲೋಗ್ರಾಮು, ಗುರುತ್ವ 9.8; ಎತ್ತರ 400. ಮೂರನ್ನೂ ಗುಣಿಸಿದರೆ 39 ಲಕ್ಷ ಜೂಲ್‌ಗಳಿಗೂ ತುಸು ಹೆಚ್ಚು. ಒಂದು ಯೂನಿಟ್ಟೆಂದರೆ 36 ಲಕ್ಷ ಜೂಲ್‌ಗಳು. ಯಂತ್ರಗಳಲ್ಲಾಗುವ ನಷ್ಟವನ್ನು ಕಳೆದರೆ, ಸಾವಿರ ಲೀಟರು ನೀರಿಗೆ ಸರಿಸುಮಾರು ಒಂದು ಯೂನಿಟ್ಟು ಎಂದಾಯಿತು. ಇನ್ನು ರಾಯಚೂರಿನಂಥ ಶಾಖೋತ್ಪನ್ನ ಕೇಂದ್ರದಲ್ಲಿ ಅದೇ ಒಂದು ಯೂನಿಟ್ಟಿಗೆ ಅರ್ಧದಿಂದ ಮುಕ್ಕಾಲು ಕಿಲೋಗ್ರಾಮಿನಷ್ಟು ಕಲ್ಲಿದ್ದಲು ಉರಿಯಬೇಕು.

ಈಗ ದೀಪದ ವಿಚಾರ. 1879ರಲ್ಲಿ ಎಡಿಸನ್ ರೂಢಿಗೆ ತಂದ ಬಲ್ಬಿನ ಜಾತಿ ನೂರು ವರ್ಷಕ್ಕೂ ಹೆಚ್ಚು ಕಾಲ ಮನೆಗಳನ್ನು ಆಳಿತು. ತಂತಿಯನ್ನು ಸುಮಾರು 2500 ಡಿಗ್ರಿಗಳವರೆಗೆ ಕಾಯಿಸಿ ಅದು ಬೆಳಗುವಂತೆ ಮಾಡುವುದು ಅದರ ತತ್ತ್ವ. ಕೊಟ್ಟ ಶಕ್ತಿಯ ನೂರು ಪಾಲಿನಲ್ಲಿ ಸುಮಾರು ಐದು ಪಾಲು ಮಾತ್ರ ಕಣ್ಣಿಗೆ ಕಾಣುವ ಬೆಳಕಾಗಿ, ಉಳಿದುದೆಲ್ಲ ಶಾಖವಾಗಿ ಹೋಗುತ್ತದೆ. ದೀಪವೆನ್ನುವುದಕ್ಕಿಂತ ಅದನ್ನು ಸ್ವಲ್ಪ ಬೆಳಕು ಬೀರುವ ಒಲೆಯೆಂದರೂ ತಪ್ಪಾಗದು. ಎಲ್‌ಇಡಿ ದೀಪದಲ್ಲಿ ಕಾಯಿಸುವ ಪ್ರಶ್ನೆಯೇ ಇಲ್ಲ. ಅರೆವಾಹಕವೊಂದರಲ್ಲಿ ಎಲೆಕ್ಟ್ರಾನುಗಳು ಶಕ್ತಿಯ ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಯುವಾಗ ಆ ವ್ಯತ್ಯಾಸವು ನೇರವಾಗಿ ಬೆಳಕಾಗಿ ಹೊರಬೀಳುತ್ತದೆ. ಕೆಂಪು, ಹಸಿರು ಬಣ್ಣದ ಇಂಥ ದೀಪಗಳು ಬಹು ಹಿಂದೆಯೇ ಇದ್ದವು. ನೀಲಿ ಮಾತ್ರ ದಕ್ಕಿರಲಿಲ್ಲ. ನೀಲಿಯಿಲ್ಲದೆ ಬಿಳಿಯಿಲ್ಲ. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ನೀಲಿಯ ಮೇಲೆ ಹಳದಿ ಬೆಳಕು ಬೀರುವ ಒಂದು ಲೇಪವನ್ನು ಬಳಿದರೆ ನಮ್ಮ ಕೋಣೆಯ ಬಿಳಿಯ ಬೆಳಕು ಸಿದ್ಧ.

60 ವಾಟ್‌ನ ಹಳೆಯ ಬಲ್ಬು ಕೊಡುತ್ತಿದ್ದ ಬೆಳಕನ್ನು 9 ವಾಟ್‌ನ ಎಲ್‌ಇಡಿ ಕೊಡಬಲ್ಲದು. ದಿನಕ್ಕೆ ಐದು ಗಂಟೆ ಉರಿಸಿದರೆ ವರ್ಷಕ್ಕೆ 93 ಯೂನಿಟ್ ಉಳಿತಾಯ. ಮೇಲಿನ ಲೆಕ್ಕದಂತೆ 93 ಸಾವಿರ ಲೀಟರು ನೀರು ಅಣೆಕಟ್ಟಿನ ಹಿಂದೆಯೇ ಉಳಿಯಿತು. ಇದು ಒಂದು ದೀಪದ ಮಾತು! 2015ರಲ್ಲಿ ಕೇಂದ್ರ ಸರ್ಕಾರವು ‘ಉಜಾಲಾ’ ಎಂಬ ಹೆಸರಿನಲ್ಲಿಯೂ ಕರ್ನಾಟಕವು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿಯೂ ಈ ದೀಪಗಳನ್ನು ಮನೆಮನೆಗೆ ಹಂಚತೊಡಗಿದವು. ಸಗಟಾಗಿ ಕೊಂಡುದರ ಫಲವಾಗಿ, 2014ರಲ್ಲಿ 310 ರೂಪಾಯಿಗಳಿದ್ದ ಖರೀದಿಯ ಬೆಲೆ 2016ರ ವೇಳೆಗೆ 40 ರೂಪಾಯಿಗಳಿಗೂ ಕೆಳಗಿಳಿಯಿತು. ದೇಶದಲ್ಲಿ ಹೀಗೆ ಹಂಚಿದವು 36 ಕೋಟಿಗೂ ಮೀರಿವೆ. ಸರ್ಕಾರವು ಬುದ್ಧಿವಂತಿಕೆಯಿಂದ ಹಣ ಹಾಕಿದರೆ ಏನಾಗಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಸದ್ಯಕ್ಕೆ ಹೊಳೆಯುತ್ತಿಲ್ಲ. ದೀಪ ಅಗ್ಗವಾಯಿತೆಂದು ಮನೆಯ ಮುಂದೆ ಬೆಳಗಿನ ಜಾವದವರೆಗೆ ಬಣ್ಣದ ಸರಗಳನ್ನು ಉರಿಸುವವರೂ ಇದ್ದಾರೆ, ನಿಜ. ಯಂತ್ರಗಳು ಮಿತವ್ಯಯಿಗಳಾದಷ್ಟೂ ಕಲ್ಲಿದ್ದಲಿನ ಒಟ್ಟು ಖರ್ಚು ಏರಬಹುದೆಂದು ಇಂಗ್ಲೆಂಡಿನ ಜೆವನ್ಸ್ 1865ರಲ್ಲಿಯೇ ಎಚ್ಚರಿಸಿದ್ದನು.

ಆದರೆ ದೀಪಗಳನ್ನು ಬದಲಾಯಿಸಿಬಿಟ್ಟೆವು, ಇನ್ನು ನಮ್ಮ ಕೆಲಸ ಮುಗಿಯಿತು ಎಂದುಕೊಂಡವರು ಬಚ್ಚಲ ಮನೆಯನ್ನು ಮರೆತಿರುತ್ತಾರೆ. ಬೆಳಕಿಗಿಂತ ಶಾಖವು ಬಹಳ ದುಬಾರಿ. ನಾಲ್ವರ ಸ್ನಾನಕ್ಕೆ 100 ಲೀಟರು ನೀರನ್ನು 25 ಡಿಗ್ರಿಗಳಷ್ಟು ಕಾಯಿಸಲು ಹತ್ತಿರಹತ್ತಿರ 3 ಯೂನಿಟ್‌ಗಳು ಬೇಕು. ಅಷ್ಟರಲ್ಲಿ 9 ವಾಟ್‌ನ ದೀಪವನ್ನು 300 ಗಂಟೆಗಳಿಗೂ ಹೆಚ್ಚು ಕಾಲ ಉರಿಸಬಹುದು. ಇಡೀ ತಿಂಗಳು ಓದಿದ ವಿದ್ಯಾರ್ಥಿಯ ದೀಪದ ಖರ್ಚಿಗಿಂತ ಹೆಚ್ಚನ್ನು ಮನೆಯವರು ಒಂದು ಬೆಳಗಿನ ಸ್ನಾನದಲ್ಲಿ ಸುರಿದುಕೊಂಡಂತಾಯಿತು. ನಮ್ಮ ಅಜ್ಜಿಯರು ತೆಂಗಿನ ಗರಿ, ಸೋಗೆ, ಚಿಪ್ಪುಗಳಿಂದ ಹಂಡೆಯ ಒಲೆ ಉರಿಸುತ್ತಿದ್ದಾಗ ಈ ಲೆಕ್ಕ ಬೇರೆಯಾಗಿತ್ತು. ಆ ಹೊಗೆಯನ್ನು ಮರಳಿ ತರಬೇಕೆಂದು ನಾವು ಹೇಳುವುದಿಲ್ಲ. ಅದಕ್ಕೆ ಪ್ರತಿಯಾಗಿ ತಾರಸಿಯ ಮೇಲೆ ಬಿಸಿಲಿದೆ. ನೀರು ಕಾಯಿಸುವ ಸೌರಫಲಕವು ತನ್ನ ಮೇಲೆ ಬಿದ್ದ ಬಿಸಿಲಿನ ಅರ್ಧದಷ್ಟನ್ನಾದರೂ ಶಾಖವಾಗಿ ಹಿಡಿಯುತ್ತದೆ; ವಿದ್ಯುತ್ತನ್ನು ಕೊಡುವ ಫಲಕ ಹಿಡಿಯುವುದು ಐದನೆಯ ಒಂದು ಪಾಲನ್ನು. ಸುಮಾರು ಎರಡು ಚದರ ಮೀಟರಿನ ಜಲತಾಪಕ ಮಾಡುವ ಕೆಲಸವನ್ನು ವಿದ್ಯುತ್ ಫಲಕ ಮತ್ತು ಗೀಸರಿನಿಂದ ಮಾಡಿಸಬೇಕಾದರೆ ಅದರ ಎರಡರಷ್ಟು ಜಾಗ ಬೇಕು. ಬೆಂಗಳೂರಿನಲ್ಲಿ ದೊಡ್ಡ ಹೊಸ ಮನೆಗಳಿಗೆ 2007ರಿಂದ ಸೌರ ಜಲತಾಪಕವನ್ನು ಕಡ್ಡಾಯ ಮಾಡಿದುದು ಈ ದೃಷ್ಟಿಯಿಂದ ಯೋಗ್ಯವಾದ ಕ್ರಮ.

ಫ್ಯಾನಿನ ವಿಷಯವೂ ಹೀಗೆಯೇ. ಸಾಮಾನ್ಯ ಫ್ಯಾನಿಗೆ 75 ವಾಟ್ ಬೇಕಾದರೆ, ಹೊಸ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ವಾಟ್ ಸಾಕು.

ಸೂರ್ಯನಿಂದಲೇ ಬೇಕಾದಷ್ಟು ವಿದ್ಯುತ್ತು ಬರುತ್ತಿರುವಾಗ ಈ ಜಿಪುಣತನವೇಕೆ ಎಂದು ಕೆಲವರು ಕೇಳಬಹುದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13 ಸಾವಿರ ಎಕರೆಗಳಲ್ಲಿ 2050 ಮೆಗಾವಾಟ್‌ಗಳ ಸೌರ ಕ್ಷೇತ್ರವಿರುವುದು ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ನಾವು ದೀಪ ಹಚ್ಚುವುದು ಯಾವಾಗ? ಪಾವಗಡದ ಫಲಕಗಳು ಕಣ್ಣು ಮುಚ್ಚಿದ ಮೇಲೆ. ಸಂಜೆ ಆರರಿಂದ ಹತ್ತರವರೆಗೆ ದೀಪ, ದೂರದರ್ಶನ, ಮಿಕ್ಸಿ, ಫ್ಯಾನುಗಳೆಲ್ಲ ಒಟ್ಟಿಗೆ ಏಳುತ್ತವೆ. ಆ ಹೊರೆಯನ್ನು ಬಹುಮಟ್ಟಿಗೆ ನೀರು, ಕಲ್ಲಿದ್ದಲುಗಳೇ ಹೊರಬೇಕು. ಮಧ್ಯಾಹ್ನದ ಯೂನಿಟ್ಟೂ ಸಂಜೆಯ ಯೂನಿಟ್ಟೂ ಬಿಲ್ಲಿನಲ್ಲಿ ಒಂದೇ. ನಾಡಿನ ಪಾಲಿಗೆ ಒಂದೇ ಅಲ್ಲ. ಗೃಹಜ್ಯೋತಿ ಆರಂಭವಾದ 2023ರಲ್ಲಿಯೇ ಮುಂಗಾರು ಕೈಕೊಟ್ಟು, ಅಕ್ಟೋಬರಿನ ವೇಳೆಗೆ ರಾಜ್ಯವು ವಿದ್ಯುತ್ತಿನ ಅಭಾವಕ್ಕೆ ಸಿಕ್ಕಿದುದನ್ನು ವಾಚಕರು ಮರೆತಿರಲಾರರು.

ಹಗಲಿನ ಶಕ್ತಿಯನ್ನು ಸಂಜೆಗೆ ಕೂಡಿಡಲು ಶರಾವತಿಯ ಕಣಿವೆಯಲ್ಲಿ 2000 ಮೆಗಾವಾಟ್‌ಗಳ ಯೋಜನೆಯೊಂದನ್ನು ರೂಪಿಸಲಾಗಿದೆ. ಗೇರುಸೊಪ್ಪೆಯ ಜಲಾಶಯದ ನೀರನ್ನು ತಳಕಳಲೆಗೆ ಎತ್ತಿ, ಬೇಕಾದಾಗ ಕೆಳಗೆ ಬಿಡುವುದು ಅದರ ಕ್ರಮ. ವಿಜ್ಞಾನದ ದೃಷ್ಟಿಯಿಂದ ಇದು ಸರಳವೂ ಸುಂದರವೂ ಆದ ಉಪಾಯ. ಆದರೆ ಅಲ್ಲಿಯ ಕಾಡು ಸಿಂಗಳೀಕಗಳ ನೆಲೆ. ಆದುದರಿಂದ ಯೋಜನೆಯ ಬಗೆಗೆ ತೀವ್ರವಾದ ವಿರೋಧವಿದೆ. ಆ ವಾದದಲ್ಲಿ ಯಾರ ಪಕ್ಷ ಸರಿಯೆಂಬುದನ್ನು ಇಲ್ಲಿ ತೀರ್ಮಾನಿಸಲು ಹೊರಟಿಲ್ಲ. ಸಂಜೆಯ ಹೊರೆಯನ್ನು ಇಳಿಸಲು ಮನೆಗಳಲ್ಲಿ ಮಾಡಬಹುದಾದುದನ್ನು ಮಾಡಿ ಮುಗಿಸದೆ ಕಾಡಿನ ಬಾಗಿಲಿಗೆ ಹೋಗುವುದು ಮಾತ್ರ ತಲೆಕೆಳಗಾದ ಕ್ರಮವೆಂದು ನಾವು ಹೇಳುತ್ತೇವೆ.

ಇದು ನಮ್ಮ ಸ್ವಂತ ಸಂಶೋಧನೆಯೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅಮೂಲ್ಯ ರೆಡ್ಡಿಯವರು ದಶಕಗಳ ಹಿಂದೆಯೇ ಇದನ್ನು ಅಂಕಿಗಳೊಡನೆ ತೋರಿಸಿದ್ದರು. 1987ರಲ್ಲಿ ಸರ್ಕಾರಿ ಸಮಿತಿಯೊಂದು 2000ನೆಯ ಇಸವಿಯ ಹೊತ್ತಿಗೆ ಕರ್ನಾಟಕಕ್ಕೆ ಸುಮಾರು 9400 ಮೆಗಾವಾಟ್‌ಗಳು ಬೇಕಾಗುವುವೆಂದು ಅಂದಾಜು ಮಾಡಿತು. ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಬೇರೆ ಪ್ರಶ್ನೆ ಕೇಳಿದರು: ಜನರಿಗೆ ಬೇಕಾದುದು ಯೂನಿಟ್ಟುಗಳೋ, ಅಥವಾ ಬೆಳಕು, ಬಿಸಿನೀರು, ಬೇಯಿಸಿದ ಅನ್ನವೋ? ಮಿತವ್ಯಯದ ದೀಪಗಳು, ಸೌರ ಜಲತಾಪಕಗಳು, ಉತ್ತಮವಾದ ಪಂಪುಗಳು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು, ಪ್ರತಿ ಮನೆಗೂ ದೀಪ ಕೊಟ್ಟ ಮೇಲೂ ಸುಮಾರು 4000 ಮೆಗಾವಾಟ್‌ಗಳಿಂದ ನಿರ್ವಹಿಸಬಹುದೆಂದು ತೋರಿಸಿದರು. ಉಳಿಸಿದ ವಿದ್ಯುತ್ತು ಉತ್ಪಾದಿಸಿದ ವಿದ್ಯುತ್ತಿಗಿಂತ ಅಗ್ಗವೆಂಬುದೇ ಅವರ ವಾದದ ತಿರುಳು. 2006ರಲ್ಲಿ ಅವರು ತೀರಿಕೊಂಡರು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅವರ ಹೆಸರು ಪರಿಚಯವಿಲ್ಲದಿರುವುದು ನಮಗೆ ವ್ಯಥೆಯನ್ನುಂಟುಮಾಡುತ್ತದೆ.

ತಾರಸಿಯ ಸೌರ ವಿದ್ಯುತ್ತಿಗೂ ಇದೇ ಮಾತು ಅನ್ವಯಿಸುತ್ತದೆ. 2024ರಲ್ಲಿ ಆರಂಭವಾದ ಕೇಂದ್ರದ ‘ಸೂರ್ಯ ಘರ್’ ಯೋಜನೆಯಲ್ಲಿ ಒಂದು ಕಿಲೋವಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಅದಕ್ಕೆ ಮೇಲ್ಪಟ್ಟುದಕ್ಕೆ 78 ಸಾವಿರ ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಒಂದು ಕಿಲೋವಾಟ್‌ನ ಫಲಕಗಳು ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತವೆ. ಗೀಸರಿಗೇ ದಿನಕ್ಕೆ 3 ಯೂನಿಟ್ ಸುರಿಯುವ ಮನೆಯವರು ಮೊದಲು ಜಲತಾಪಕವನ್ನು ಹಾಕಿಸಿ, ಫ್ಯಾನುಗಳನ್ನು ಬದಲಾಯಿಸಿ, ಅನಂತರ ಫಲಕಗಳನ್ನು ಕೊಂಡರೆ ಎರಡರ ಬದಲು ಒಂದು ಕಿಲೋವಾಟ್ ಸಾಕಾದೀತು. ಮಾರುವವರು ಈ ಅನುಕ್ರಮವನ್ನು ಹೇಳಿಕೊಡುವುದಿಲ್ಲ. ಹೇಳಬೇಕಾದವರು ಮನೆಯಲ್ಲಿ ಭೌತವಿಜ್ಞಾನ ಓದುತ್ತಿರುವವರು.

ಮತ್ತೆ ಸೊನ್ನೆಯ ಬಿಲ್ಲಿಗೆ ಬರೋಣ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಉಚಿತವಾಗಿ ಸಲ್ಲುವ ಪ್ರಮಾಣವನ್ನು ಆ ಮನೆಯ 2022–23ರ ಸರಾಸರಿ ಬಳಕೆ ಮತ್ತು ಅದರ ಶೇಕಡಾ 10 ಎಂದು ಗೊತ್ತುಪಡಿಸಲಾಯಿತು. ಅತ್ಯಲ್ಪ ಬಳಸುವವರಿಗೆ 2024ರಲ್ಲಿ ಶೇಕಡಾ 10ರ ಬದಲು 10 ಯೂನಿಟ್ ಹೆಚ್ಚಿಗೆ ಕೊಡುವ ತೀರ್ಮಾನವಾಯಿತು. ಈ ನಿಯಮದ ಪರಿಣಾಮವನ್ನು ಯೋಚಿಸಿ. ಅಕ್ಕಪಕ್ಕದ ಎರಡು ಸಂಸಾರಗಳಲ್ಲಿ ಒಂದು ಮೊದಲೇ ಎಲ್‌ಇಡಿ ಹಾಕಿ, ಬಿಸಿಲಿನಲ್ಲಿ ನೀರು ಕಾಯಿಸಿಕೊಂಡು 60 ಯೂನಿಟ್‌ಗಳಲ್ಲಿ ಬಾಳಿದ್ದರೆ ಅದಕ್ಕೆ ದೊರೆಯುವುದು 66. ಗೀಸರು ಉರಿಸುತ್ತ 150 ಯೂನಿಟ್ ಕಳೆದ ನೆರೆಮನೆಗೆ ದೊರೆಯುವುದು 165. ಮಿತವಾಗಿ ಬಳಸಿದವನಿಗೆ ಮಿತವಾದ ಬಹುಮಾನ! ಇನ್ನು ಮುಂದೆ ಯಾವ ಮನೆಯಾದರೂ ತನ್ನ ಪಾಲಿಗಿಂತ ಕಡಮೆ ಬಳಸಿದರೆ ಅದಕ್ಕೆ ಬರುವ ಲಾಭವೂ ಏನಿಲ್ಲ. ತನ್ನ ಪಾಲಿನಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ ಎರಡು ರೂಪಾಯಿಗಳನ್ನು ಆ ಮನೆಗೇ ಹಿಂದಿರುಗಿಸುವ ಏರ್ಪಾಡಾಗಲಿ ಎಂಬುದು ನಮ್ಮ ಸೂಚನೆ. ಯೂನಿಟ್ಟಿಗೆ ಸುಮಾರು ಆರು ರೂಪಾಯಿಗಳಂತೆ ಹೊರೆ ಹೊರುವ ಬೊಕ್ಕಸಕ್ಕೆ ಆಗಲೂ ನಾಲ್ಕು ರೂಪಾಯಿ ಉಳಿಯುತ್ತದೆ. ಬಡವರು ಹಣದ ಆಸೆಗೆ ಕತ್ತಲೆಯಲ್ಲಿ ಕುಳಿತಾರು ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ; ಅದಕ್ಕಾಗಿ ಕನಿಷ್ಠ ಬಳಕೆಯ ಮನೆಗಳಿಗೆ ಈ ಹಣದ ಬದಲು ಒಳ್ಳೆಯ ದೀಪವನ್ನೂ ಫ್ಯಾನನ್ನೂ ಕೊಡಬಹುದು.

ಅದು ಆಗುವವರೆಗೆ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ರಾತ್ರಿ ಮಲಗುವ ಮುಂಚೆ ಮನೆಯ ದೀಪ, ಫ್ಯಾನುಗಳನ್ನೆಲ್ಲ ಆರಿಸಿ, ಗಡಿಯಾರ ಹಿಡಿದು ಮೀಟರಿನ ಮುಂದೆ ನಿಲ್ಲಿ. 3200ರ ಮೀಟರಿನಲ್ಲಿ ಎರಡು ಕಿಲೋವಾಟ್‌ನ ಗೀಸರು ನಿಮಿಷಕ್ಕೆ ನೂರಕ್ಕಿಂತ ಹೆಚ್ಚು ಮಿನುಗುಗಳನ್ನು ಹುಟ್ಟಿಸಿದರೆ, 9 ವಾಟ್‌ನ ದೀಪ ಎರಡು ನಿಮಿಷಕ್ಕೆ ಒಂದನ್ನು ಹುಟ್ಟಿಸುತ್ತದೆ. ಎಲ್ಲವನ್ನೂ ಆರಿಸಿದ ಮೇಲೂ ಚುಕ್ಕಿ ಮಿನುಗುತ್ತಿದ್ದರೆ ಒಳಗೆ ಯಾರೋ ಕದ್ದು ಉಣ್ಣುತ್ತಿದ್ದಾರೆಂದು ತಿಳಿಯಿರಿ. ಬಹುಶಃ ಅದು ದೂರದರ್ಶನದ ಸೆಟ್-ಟಾಪ್ ಪೆಟ್ಟಿಗೆ. ಹಗಲೂ ರಾತ್ರಿ 10 ವಾಟ್ ಎಳೆಯುವ ಅಂಥ ಪೆಟ್ಟಿಗೆಯೊಂದು ವರ್ಷಕ್ಕೆ 87 ಯೂನಿಟ್‌ಗಳನ್ನು ನುಂಗುತ್ತದೆ, ಬಲ್ಬು ಬದಲಿಸಿ ಉಳಿಸಿದುದರ ಬಹುಪಾಲನ್ನು ಅದೊಂದೇ ತಿಂದುಹಾಕುತ್ತದೆ. ಪ್ಲಗ್ಗುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಬಂದರೆ ಕಳ್ಳನು ಸಿಕ್ಕಿಬೀಳುತ್ತಾನೆ. ಫ್ರಿಜ್ಜಿನ ಪ್ಲಗ್ಗನ್ನು ಮಾತ್ರ ತಾಯಿಯವರ ಅಪ್ಪಣೆ ಪಡೆದೇ ಕೀಳತಕ್ಕದ್ದು. ಮರುದಿನ ಬೆಳಗ್ಗೆ ಹಾಲು ಒಡೆದಿದ್ದರೆ ವಿಜ್ಞಾನದ ಹೆಸರು ಹೇಳಿ ಪಾರಾಗುವುದು ಕಷ್ಟ.