ಹಿಂಗಾರನ್ನೇ ನಂಬಿದ ನಾಲ್ಕು ಊರು

ಜೂನ್ ಬಂತೆಂದರೆ ಪತ್ರಿಕೆ, ಟಿ.ವಿ.ಗಳೆಲ್ಲ ಕೇರಳದ ಕಡೆ ಮುಖ ಮಾಡಿ ಕೂರುತ್ತವೆ. ಮುಂಗಾರು ಕರಾವಳಿ ಮುಟ್ಟಿತು, ಘಟ್ಟ ಹತ್ತಿತು, ಜೋಗ ಮೈದುಂಬಿತು ಎಂದು ದಿನಕ್ಕೊಂದು ಸುದ್ದಿ. ಆ ಹೊತ್ತಿಗೆ ಚಿಂತಾಮಣಿ, ಶಿಡ್ಲಘಟ್ಟದ ಬಯಲಿನಲ್ಲಿ ಇರುವುದು ಗಾಳಿ ಮಾತ್ರ. ಆಷಾಢ ಮುಗಿಯುವ ತನಕ ಪಡುವಣದ ಗಾಳಿ ಒಂದೇ ಸಮನೆ ಬೀಸುತ್ತದೆ. ಮೋಡ ನೆತ್ತಿಯ ಮೇಲೆ ಓಡುತ್ತದೆ, ನಿಲ್ಲುವುದಿಲ್ಲ. ಹೊರೆಯೆಲ್ಲ ಪಶ್ಚಿಮ ಘಟ್ಟದಲ್ಲಿ ಇಳಿಸಿ ಬಂದ ಮೋಡ ಅದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಬರುವ ಹೊತ್ತಿಗೆ 700ರ ಆಸುಪಾಸಿಗೆ ಇಳಿಯುತ್ತದೆ. ಅದರಲ್ಲೂ ನೆಲ ನೆನೆಯುವಂಥ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ನಮ್ಮ ವರ್ಷ ನಿಂತಿರುವುದು ಈ ನಾಲ್ಕು ಮಳೆಗಳ ಮೇಲೆ.

ನಾಡಿನ ಕಾಲಮಾನವನ್ನೆಲ್ಲ ಮಲೆನಾಡಿನ ಕಣ್ಣಿನಿಂದಲೇ ನೋಡುವ ಅಭ್ಯಾಸ ನಮಗಿದೆ. ಮಳೆ ಎಂದರೆ ಜೂನ್, ಸುಗ್ಗಿ ಎಂದರೆ ಸಂಕ್ರಾಂತಿ, ನಡುವಿನದೆಲ್ಲ ತಂಪುಕಾಲ ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಒಂದು ಜಿಲ್ಲೆಯ ಒಳಗೇ ಅದು ಊರಿಂದೂರಿಗೆ ಬದಲಾಗುತ್ತದೆ.

ಶಿಡ್ಲಘಟ್ಟವನ್ನೇ ನೋಡಿ. ಇಲ್ಲಿಯ ಹಳ್ಳಿಗಳಲ್ಲಿ ಋತು ಗೊತ್ತಾಗುವುದು ರೇಷ್ಮೆ ಹುಳುವಿನ ಮನೆಯೊಳಗೆ. ಹುಳುವಿಗೆ 24ರಿಂದ 28 ಡಿಗ್ರಿ ಶಾಖ ಬೇಕು, ಹದವಾದ ತೇವವೂ ಬೇಕು. ಮಾಗಿಯಲ್ಲಿ ರಾತ್ರಿ 14, 15 ಡಿಗ್ರಿಗೆ ಇಳಿದರೆ ಹುಳು ಸೊಪ್ಪು ಮುಟ್ಟದೆ ಸುಮ್ಮನೆ ಮಲಗುತ್ತದೆ. ಬೆಳೆ ಮುಗಿಯುವುದು ಮೂರ್ನಾಲ್ಕು ದಿನ ಮುಂದೆ ಹೋಗುತ್ತದೆ, ಅಷ್ಟು ದಿನದ ಸೊಪ್ಪಿನ ಖರ್ಚು ಮೇಲೆ ಬೀಳುತ್ತದೆ. ಆಗ ಕಿಟಕಿಗೆ ಪ್ಲಾಸ್ಟಿಕ್ ಹೊದಿಸಿ, ಇದ್ದಿಲ ಒಲೆ ಇಟ್ಟು, ಹೊಗೆ ನಿಲ್ಲದಂತೆ ನಿಗಾ ಮಾಡುತ್ತ ಮನೆಯವರು ಸರದಿ ಮೇಲೆ ಎದ್ದಿರುತ್ತಾರೆ. ಏಪ್ರಿಲ್ ಬಂದರೆ ಅದೇ ಕಿಟಕಿಗೆ ಒದ್ದೆ ಗೋಣಿತಾಟು, ಚಾವಣಿಯ ಮೇಲೆ ತೆಂಗಿನ ಗರಿ. ಮಳೆಗಾಲದ ಪಾಡೇ ಬೇರೆ. ಸೊಪ್ಪು ಒದ್ದೆಯಿದ್ದರೆ ಹಾಕುವಂತಿಲ್ಲ, ಆರಿಸಬೇಕು. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಜ್ವರ ದಾಟಬೇಕು. ‘ಹುಳು ಜ್ವರಕ್ಕೆ ಕೂತಿದೆ’ ಎಂದರೆ ಆ ಮನೆಗೆ ನೆಂಟರೂ ಕಾಲಿಡುವುದಿಲ್ಲ. ಆ ಹೊತ್ತಿನಲ್ಲಿ ಹಾಸಿಗೆ ಒಣಗಿರಬೇಕು, ಅದಕ್ಕಾಗಿ ಸುಣ್ಣದ ಪುಡಿ ಉದುರಿಸುತ್ತಾರೆ. ನಾಲ್ಕು ದಿನ ಮೋಡ ಮುಸುಕಿ ಥಂಡಿ ಹಿಡಿದರೆ ಸುಣ್ಣಕಟ್ಟು ರೋಗ ತಗಲುತ್ತದೆ. ಹುಳು ಬಿಳುಪಾಗಿ, ಬಿರುಸಾಗಿ, ಸೀಮೆಸುಣ್ಣದ ತುಂಡಿನಂತೆ ಬಿದ್ದಿರುತ್ತದೆ. ಅದನ್ನೆಲ್ಲ ಗೆದ್ದು ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ರಾತ್ರಿ ಜಡಿಮಳೆ ಹಿಡಿದರೂ ಕೆಲಸ ಕೆಟ್ಟಂತೆಯೇ. ಗಾಳಿಯಾಡದೆ ಕಟ್ಟಿದ ಗೂಡಿನ ಎಳೆ ಸಲೀಸಾಗಿ ಬಿಚ್ಚುವುದಿಲ್ಲ. ಗೂಡು ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರ್ ಒಂದು ಹಿಡಿ ಗೂಡು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ಆ ಒಂದು ರಾತ್ರಿಯ ಮಳೆ ಹರಾಜಿನ ಬೆಲೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಅಲ್ಲಿಂದ ಪಡುವಣಕ್ಕೆ, ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ, ನಂದಿ ಬೆಟ್ಟದ ತಪ್ಪಲು. 1,478 ಮೀಟರ್ ಎತ್ತರದ ಬೆಟ್ಟದ ಮೇಲೆ ಮಂಜು ನೋಡಲು ಬೆಂಗಳೂರಿನ ಕಾರುಗಳು ವಾರಾಂತ್ಯದ ನಸುಕಿಗೇ ಸಾಲುಗಟ್ಟುತ್ತವೆ. ಕೆಳಗೆ ದ್ರಾಕ್ಷಿ ತೋಟದ ಯಜಮಾನ ಅದೇ ಮಂಜನ್ನು ನೋಡಿ ಸ್ಪ್ರೇಯರ್ ಹೆಗಲಿಗೇರಿಸುತ್ತಾನೆ. ಅಕ್ಟೋಬರ್‌ನಲ್ಲಿ ಸವರಿದ ಬಳ್ಳಿ ಚಿಗುರಿ ಹೂವಿಗೆ ಬರುವ ಹೊತ್ತಿಗೆ ಬೆಳಗಿನ ಇಬ್ಬನಿ ಒಂಬತ್ತು ಗಂಟೆಯಾದರೂ ಆರದಿದ್ದರೆ ಎಲೆಯಡಿ ಬಿಳಿ ಬೂಜು ಏಳುತ್ತದೆ. ತೋಟದವರ ಬಾಯಲ್ಲಿ ಅದು ಡೌನಿ. ಬೆಟ್ಟದ ಮೇಲಿನವರಿಗೆ ಮಂಜು ಬೇಕು, ಬುಡದವರಿಗೆ ಬಿಸಿಲು ಬೇಕು. ಇಬ್ಬರೂ ನೋಡುತ್ತಿರುವುದು ಒಂದೇ ಆಕಾಶವನ್ನು.

ಬೆಟ್ಟದ ಸಾಲನ್ನು ದಾಟಿ ಗೌರಿಬಿದನೂರಿಗೆ ಇಳಿದರೆ ಮೈಗೆ ತಾಗುವ ಗಾಳಿಯೇ ಬೇರೆ. ಚಿಕ್ಕಬಳ್ಳಾಪುರಕ್ಕಿಂತ ಸುಮಾರು 200 ಮೀಟರ್ ತಗ್ಗಿನ ಸೀಮೆ. ಶಿವರಾತ್ರಿ ಕಳೆಯಿತೆಂದರೆ ಧಗೆ. ನಂದಿ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಈ ಊರಿನ ಮಗ್ಗುಲಲ್ಲೇ ಹಾದು ಆಂಧ್ರಕ್ಕೆ ಹೋಗುತ್ತದೆ, ಹೋಗುವಷ್ಟು ನೀರಿದ್ದ ವರ್ಷ. ಕಬ್ಬು ಅರೆಯುತ್ತಿದ್ದ ಊರು ಇದು, ಸಕ್ಕರೆ ಕಾರ್ಖಾನೆ ಇತ್ತು. ಈಗ ಮುಸುಕಿನ ಜೋಳ.

ಚಿಂತಾಮಣಿ ಬಯಲು ಮೂಡಲಿಗೆ ತೆರೆದುಕೊಂಡಿದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮಾರನೆಯ ದಿನಕ್ಕೆ ಕೈವಾರದ ಬೆಟ್ಟಗಳ ಮೇಲೆ ಮೋಡ. ಟೊಮೆಟೊ ಬೆಳೆಗಾರ ಅಂಗಮಾರಿಗೆ ಹೆದರುತ್ತಾನೆ, ರಾಗಿ ಹೊಲದವನು ತೆನೆ ಹಾಳಾದೀತೆಂದು ಹೆದರುತ್ತಾನೆ. ಅವರೆಯೊಂದು ಈ ಸೀಮೆಯ ಹವೆಗೆ ಹೇಳಿಮಾಡಿಸಿದ ಬೆಳೆ. ಹಗಲು ಮೊಟಕಾದ ಮೇಲೇ ಹೂ ಬಿಡುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಾಗಿ ತೆಪ್ಪಗಿದ್ದು, ರಾಗಿ ಕೊಯ್ದ ಮೇಲೆ ಇಬ್ಬನಿಯಲ್ಲೇ ಕಾಯಿ ಕಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ಕಾಯಿ ಬಿಡಿಸಿದ ಕೈ ಮಧ್ಯಾಹ್ನದವರೆಗೂ ಸೊಗಡು ನಾರುತ್ತದೆ. ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ. ನಮಗೆ ಹೇಮಂತ ಬಂತೆಂದು ತಿಳಿಯುವುದು ಅಡುಗೆಮನೆಯ ಆ ಘಮದಿಂದ.

ಈಗ ನನ್ನ ಕಳವಳದ ವಿಷಯ. ನಮ್ಮನ್ನು ಕಾಯುವ ಹಿಂಗಾರು ಹದ ತಪ್ಪಿದ ವರ್ಷ ನಮಗೆ ದಿಕ್ಕಿಲ್ಲ. 2021ರ ನವೆಂಬರ್ ಅದನ್ನು ತೋರಿಸಿತು. ಆ ತಿಂಗಳ 19ರ ನಸುಕಿನಲ್ಲಿ ಒಂದು ವಾಯುಭಾರ ಕುಸಿತ ಚೆನ್ನೈ, ಪುದುಚೇರಿಗಳ ನಡುವೆ ದಡ ದಾಟಿತು. ಇಲ್ಲಿ ಬತ್ತಿಹೋಗಿದ್ದ ಕೆರೆಗಳು ಕೋಡಿ ಬಿದ್ದವು. ಜನ ಬಾಗಿನ ಬಿಟ್ಟರು, ಆ ಸಂತೋಷ ಸಣ್ಣದಲ್ಲ. ಆದರೆ ವಿಶಾಖೆ ಮುಗಿಯಿತು, ಇನ್ನು ಕುಯ್ಲು ಎಂದು ಕುಡುಗೋಲು ಹಿಡಿದವರ ಹೊಲದಲ್ಲಿ ರಾಗಿ ನೆಲಕ್ಕೊರಗಿತು. ಅರಿ ಹಾಕಿದ್ದು ನೀರಿನಲ್ಲಿ ನೆನೆದು ತೆನೆಯಲ್ಲೇ ಮೊಳಕೆ ಬಂತು. ಉಳಿದ ಕಾಳು ಕಪ್ಪಾಯಿತು, ಹುಲ್ಲು ಮುಗ್ಗಲು ಹಿಡಿಯಿತು. ಹಾಲಿನ ಡೇರಿ ನಂಬಿದ ಮನೆಗೆ ಹುಲ್ಲು ಹೋಯಿತೆಂದರೆ ಮುಂದಿನ ಬೇಸಿಗೆಯ ಮೇವೇ ಹೋಯಿತು. ಟೊಮೆಟೊ ಪೇಟೆಯಲ್ಲಿ ಕಿಲೋಗೆ ನೂರು ರೂಪಾಯಿ ಮುಟ್ಟಿತು, ಹೊಲದಲ್ಲಿ ಕೊಳೆಯಿತು. ಎರಡು ವರ್ಷ ಕಳೆದು 2023ರಲ್ಲಿ ಮಳೆಯೇ ಕೈಕೊಟ್ಟು, ರಾಜ್ಯದ 223 ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದವು.

ಬೆಳೆ ವಿಮೆಯಲ್ಲಿ ಒಂದು ಅವಕಾಶವಿದೆ. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಇಂಥ ಮಳೆಗೆ ಸಿಕ್ಕಿ ಹಾಳಾದರೆ ಪರಿಹಾರ ಕೇಳಬಹುದು. ಷರತ್ತು, 72 ಗಂಟೆಯೊಳಗೆ ತಿಳಿಸಬೇಕು. ಮಳೆ ಬಿಡದ, ಕರೆಂಟಿಲ್ಲದ ಮೂರು ದಿನದಲ್ಲಿ ಫೋನ್ ಚಾರ್ಜಿಗೂ ಪರದಾಡುವ ಮುದುಕಪ್ಪನಿಗೆ ಆ 72 ಗಂಟೆ ಯಾವ ಲೆಕ್ಕ? ಹೊಲ ಮುಳುಗದೆ, ಬರೀ ಮಳೆಗೆ ನಿಂತಲ್ಲೇ ಒರಗಿದ ಬೆಳೆಗೆ ಆ ಅವಕಾಶವೂ ಇಲ್ಲ. ಪಂಚಾಯಿತಿಯ ಸರಾಸರಿ ಇಳುವರಿ ಲೆಕ್ಕಕ್ಕೆ ಕಾಯಬೇಕು. ರೇಷ್ಮೆ ಹುಳುವಂತೂ ಈ ಯೋಜನೆಯ ಬೆಳೆಯೇ ಅಲ್ಲ.

1988ರಲ್ಲೇ ಬರ ನಿಗಾ ಘಟಕ ಕಟ್ಟಿದ ರಾಜ್ಯ ನಮ್ಮದು. ಇಂದು ಅದೇ ವಿಪತ್ತು ನಿರ್ವಹಣಾ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಪಂಚಾಯಿತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಇಟ್ಟುಕೊಂಡಿದೆ. ಶಾಖ, ತೇವ, ಗಾಳಿ ಎಲ್ಲವೂ ಅಲ್ಲಿ ದಾಖಲಾಗುತ್ತದೆ. ಆದ್ದರಿಂದ ನಾನು ಕೇಳುವುದು ಹೊಸ ಯಂತ್ರವನ್ನಲ್ಲ. ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಸಿದ್ಧತೆಯ ತಿಂಗಳು ಮೇ ಜೊತೆಗೆ ಸೆಪ್ಟೆಂಬರ್ ಕೂಡ ಆಗಲಿ. ರೈತ ಸಂಪರ್ಕ ಕೇಂದ್ರದ ರಿಯಾಯಿತಿ ಟಾರ್ಪಲ್ ಚಿತ್ತೆ ಮಳೆಯೊಳಗೆ ಮನೆ ಸೇರಲಿ. ಕೊಲ್ಲಿಯಲ್ಲಿ ಮೋಡ ಕಟ್ಟಿದ ದಿನವೇ ‘ಇನ್ನು ಮೂರು ದಿನ ರಾಗಿ ಕೊಯ್ಯಬೇಡಿ, ಕೊಯ್ದದ್ದನ್ನು ಮೆದೆ ಹಾಕಿ ಮುಚ್ಚಿ’ ಎಂಬ ಮಾತು ಊರಿನ ಡೇರಿ ಮೈಕಿನಲ್ಲಿ, ಕನ್ನಡದಲ್ಲೂ ತೆಲುಗಿನಲ್ಲೂ ಕೇಳಲಿ. ಹಾನಿ ತಿಳಿಸುವ ಗಡುವು ಮಳೆ ನಿಂತ ದಿನದಿಂದ ಎಣಿಕೆಯಾಗಲಿ. ಹಿಂಗಾರಿಗೆ ಇನ್ನೂ ಸಮಯವಿದೆ. ಜಿಲ್ಲಾ ಪಂಚಾಯಿತಿಯ ಮುಂದಿನ ಸಭೆಯಲ್ಲೇ ಈ ವಿಷಯ ಎತ್ತಬಹುದು.